ಪಟ್ಟಿ ಬೇಡ ಅಂದ ಮನೆ: ಬಾಣೇರ್‌ನ ಒಂದು ವಿನೈಲ್ ನೆಲದ ಪ್ರಕರಣ

ಯುಗಾದಿ ಮುಗಿದು ವಾರ ಆಗಿರಲಿಲ್ಲ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕಾಕು ಫೋನ್ ಮಾಡಿದರು.

"ತಮ್ಮಾ, ನೆಲ ಉಬ್ಬೇದ ನೋಡು. ಕಾಲಿಟ್ಟರ ಟಕ್ ಅಂತ ಕೆಳಗ ಹೋಗ್ತದ, ಕಾಲು ತಗದರ ಮತ್ತ ಮ್ಯಾಲ ಬರ್ತದ. ಒಳಗ ಏನರ ಹೊಕ್ಕೇದೇನು?"

ಒಳಗೆ ಏನೂ ಹೊಕ್ಕಿರಲಿಲ್ಲ. ನೆಲ ಹಾಸಿಸುವುದು ನನ್ನ ಕೆಲಸ, ಆ ನೆಲವನ್ನು ಜನವರಿಯಲ್ಲಿ ಹಾಕಿಸಿದ್ದು ನಾನೇ. ಹಾಗಾಗಿ ಇದು ಬೇರೆಯವರ ತಪ್ಪು ಎತ್ತಿ ಹಿಡಿಯುವ ಬರಹ ಅಲ್ಲ. ಅರ್ಧ ತಪ್ಪು ನನ್ನದೇ.

ಮನೆ ಪುಣೆಯ ಬಾಣೇರ್‌ನಲ್ಲಿ, ಏಳನೇ ಮಹಡಿ. ಕಾಕು ಅವರ ಯಜಮಾನರು, ಕಾಕಾ, ಧಾರವಾಡದಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಮಗ ಹಿಂಜವಡಿಯಲ್ಲಿ ಕೆಲಸಕ್ಕಿದ್ದಾನೆ. ವಯಸ್ಸಾದ ಮೇಲೆ ಇಬ್ಬರೂ ಮಗನ ಹತ್ತಿರ ಬಂದರು. ಕಾಕಾ ಅವರ ಎರಡೂ ಮೊಣಕಾಲಿಗೆ ಆಪರೇಷನ್ ಆಗಿದೆ. ಬಿಲ್ಡರ್ ಹಾಕಿದ್ದ ನುಣ್ಣನೆಯ ವಿಟ್ರಿಫೈಡ್ ಟೈಲ್ಸ್ ಮೇಲೆ ನಡೆಯಲು ಅವರಿಗೆ ಹೆದರಿಕೆ. ಚಳಿಗಾಲದಲ್ಲಿ ಟೈಲ್ಸ್ ತಣ್ಣಗೆ ಕೊರೆಯುತ್ತದೆ ಅನ್ನುವುದು ಇನ್ನೊಂದು ದೂರು. ಟೈಲ್ಸ್ ಒಡೆಯದೆ ಅದರ ಮೇಲೇ ಹಾಕಬಹುದಾದ ನೆಲ ಬೇಕಿತ್ತು. 5 ಮಿಲಿಮೀಟರ್ ದಪ್ಪದ, ಕೆಳಗೆ ಅಂಟಿಸದೆ ಒಂದಕ್ಕೊಂದು ಕ್ಲಿಕ್ ಮಾಡಿ ಜೋಡಿಸುವ ಎಸ್‌ಪಿಸಿ ವಿನೈಲ್ ಆರಿಸಿದೆವು.

ಎಸ್‌ಪಿಸಿ ಅಂದರೆ ಏನು ಅಂತ ಕಾಕಾ ಕೇಳಿದ್ದರು. ಸುಣ್ಣದ ಕಲ್ಲಿನ ಪುಡಿಗೆ ಪಿವಿಸಿ ಬೆರೆಸಿ ಹಲಗೆ ಮಾಡಿರುತ್ತಾರೆ, ಮೇಲೆ ಮರದ ಚಿತ್ರ, ಅದರ ಮೇಲೆ ತೆಳುವಾದ ಪಾರದರ್ಶಕ ಪದರ ಅಂತ ಹೇಳಿದೆ. "ಹಂಗಾದರ ನಮ್ಮ ಶಹಾಬಾದ್ ಕಲ್ಲನ್ನೇ ಪುಡಿ ಮಾಡಿ ಮರದ ವೇಷ ಹಾಕ್ಯಾರ ಅನ್ನು" ಅಂದರು. ತಪ್ಪೇನಿಲ್ಲ. ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ ಅಲ್ವಾ. ಪುಣೆಯ ಹಳೇ ವಾಡೆಗಳಲ್ಲಿ ಕಾಲಿಟ್ಟಲ್ಲೆಲ್ಲ ಕಲಬುರಗಿ ಕಡೆಯ ಆ ಫರ್ಶಿಯೇ ಇರುತ್ತದೆ.

ಮನೆಯ ನಕ್ಷೆ ಹೀಗಿದೆ. ಪಶ್ಚಿಮಕ್ಕೆ ಬಾಲ್ಕನಿ, ಅದಕ್ಕೆ ಗೋಡೆಯಷ್ಟಗಲದ ಗಾಜಿನ ಸ್ಲೈಡಿಂಗ್ ಬಾಗಿಲು. ಅಲ್ಲಿಂದ ಒಳಗೆ ಹಾಲ್, ಮುಂದೆ ಊಟದ ಜಾಗ, ಅದರ ಪಕ್ಕಕ್ಕೆ ಗೋಡೆಯಿಲ್ಲದ ಅಡುಗೆಮನೆ. ಮಧ್ಯೆ ತಡೆ ಇಲ್ಲ. ಇಷ್ಟು 8.4 ಮೀಟರ್ ಉದ್ದ. ಅದೇ ಗೆರೆಯಲ್ಲಿ ಮುಂದೆ 3.6 ಮೀಟರ್ ಪ್ಯಾಸೇಜ್. ಪ್ಯಾಸೇಜಿನ ಎರಡು ಬದಿಗೆ ಎರಡು ಬೆಡ್‌ರೂಮ್. ಬಾಲ್ಕನಿ ಬಾಗಿಲಿನಿಂದ ಪ್ಯಾಸೇಜಿನ ಕೊನೆಯ ಗೋಡೆಯವರೆಗೆ ನೇರವಾಗಿ 12 ಮೀಟರ್ ಆಯಿತು.

ಕಾಕಾ ಹಾಕಿದ ಷರತ್ತು ಒಂದೇ. ಎಲ್ಲೂ ಪಟ್ಟಿ ಬೇಡ. ಒಂದು ನೆಲ ಇನ್ನೊಂದು ನೆಲವನ್ನು ಸೇರುವಲ್ಲಿ ಹಾಕುವ ಆ ಉಬ್ಬು ಪಟ್ಟಿಯನ್ನು ಚೆಂದ ಕಾಣಲ್ಲ ಅಂತ ಬೇಡ ಅನ್ನುವವರೇ ಜಾಸ್ತಿ. ಇವರದು ಹಾಗಲ್ಲ. ಆಪರೇಷನ್ ಆದಮೇಲೆ ಅವರು ಕಾಲು ಎತ್ತಿ ಇಡುವುದಿಲ್ಲ, ಜಾರಿಸಿಕೊಂಡು ಹೋಗುತ್ತಾರೆ. ರಾತ್ರಿ ಬಚ್ಚಲಿಗೆ ಎದ್ದಾಗ ಪಟ್ಟಿ ತಾಗಿ ಬಿದ್ದರೆ ಏನು ಗತಿ? ನನಗೆ ಎದುರಾಡಲು ಬಾಯಿ ಬರಲಿಲ್ಲ.

ಡಬ್ಬದೊಳಗಿನ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಡುವೆ ಪಟ್ಟಿ ಇಲ್ಲದೆ ಒಂದೇ ಓಟದಲ್ಲಿ 10 ಮೀಟರ್ ಮೀರಬಾರದು. ಸುತ್ತ ಗೋಡೆಗೆ 8 ಮಿಲಿಮೀಟರ್ ಸಂದು ಬಿಡಬೇಕು. ಬಾಗಿಲುಗಳಲ್ಲಿ ಪಟ್ಟಿ ಹಾಕಬೇಕು. ಈ 10 ಅನ್ನುವುದು ಎಲ್ಲರಿಗೂ ಒಂದೇ ಅಲ್ಲ. ಕೆಲವರು 15 ಅನ್ನುತ್ತಾರೆ, ಅದಕ್ಕಿಂತ ಹೆಚ್ಚು ಬಿಡುವವರೂ ಇದ್ದಾರೆ. ಅಂಗಡಿಯವರು ಏನೇ ಹೇಳಲಿ, ನಿಮ್ಮ ಡಬ್ಬದ ಕಾಗದವೇ ನಿಮಗೆ ಲೆಕ್ಕ. ನಾನು ಆ ಕಾಗದ ಓದಿದ್ದೆ. ಎರಡು ಮೀಟರ್ ಜಾಸ್ತಿ ತಾನೇ, ನಡೆಯುತ್ತದೆ ಅಂದುಕೊಂಡೆ. ಪಟ್ಟಿ ಇಲ್ಲದೆ ಬೆಡ್‌ರೂಮಿನ ಒಳಗಿನವರೆಗೂ ಎಳೆದೆ. ಎರಡೂ ರೂಮು, ಪ್ಯಾಸೇಜ್, ಹಾಲ್, ಅಡುಗೆಮನೆ ಎಲ್ಲ ಸೇರಿ ಒಂದೇ ತುಂಡು ನೆಲ.

ಉಳಿದ ಕೆಲಸ ನೆಟ್ಟಗೇ ಆಗಿತ್ತು. ಡಬ್ಬಗಳನ್ನು 48 ಗಂಟೆ ಮನೆಯಲ್ಲೇ ಮಲಗಿಸಿ ಇಟ್ಟಿದ್ದೆವು. ಎರಡು ಮೀಟರ್ ಪಾಟಾ, ಅಂದರೆ ಮಟ್ಟ ನೋಡುವ ನೇರ ಕೋಲು, ಇಟ್ಟು ನೆಲ ನೋಡಿದ್ದೆವು. ಊಟದ ಜಾಗದಲ್ಲಿ 5 ಮಿಲಿಮೀಟರ್ ತಗ್ಗು ಸಿಕ್ಕಿತು. 3ಕ್ಕಿಂತ ಜಾಸ್ತಿ ಇದ್ದರೆ ನಾನು ಬಿಡುವುದಿಲ್ಲ, ಲೆವೆಲಿಂಗ್ ಸಿಮೆಂಟ್ ಸುರಿದು ಸಮ ಮಾಡಿಸಿದೆ. ಹುಡುಗನೊಬ್ಬ ತಗ್ಗಿಗೆ ಫೋಮ್ ಶೀಟ್ ತುರುಕಲು ಹೊರಟಿದ್ದ, ಬೈದು ತೆಗೆಸಿದೆ. ಹಲಗೆಯ ಬೆನ್ನಿಗೇ ಪ್ಯಾಡ್ ಅಂಟಿರುವಾಗ ಕೆಳಗೆ ಇನ್ನೊಂದು ಮೆತ್ತೆ ಹಾಕಿದರೆ ನಡೆದಾಗಲೆಲ್ಲ ಹಲಗೆ ಬಾಗಿ ಜೋಡಣೆಯ ಲಾಕ್ ಮುರಿಯುತ್ತದೆ. ಸುತ್ತಲೂ 8 ಮಿಲಿಮೀಟರ್ ಸಂದು ಬಿಟ್ಟೆವು, ಬಾಲ್ಕನಿ ಬಾಗಿಲಿನ ಅಲ್ಯೂಮಿನಿಯಂ ಚಾನೆಲ್ ಹತ್ತಿರ ಮಾತ್ರ 3. ಅಲ್ಲಿ ಜಾಸ್ತಿ ಬಿಟ್ಟರೆ ಮುಚ್ಚಲು ಜಾಗವಿರಲಿಲ್ಲ. ಗೋಡೆಬುಡದ ಸಂದು ಮುಚ್ಚುವ ಸ್ಕರ್ಟಿಂಗನ್ನು ಪೇಂಟ್ ಆದಮೇಲೆ ಹಾಕೋಣ ಅಂತ ಬಿಟ್ಟು, ದುಡ್ಡು ತಗೊಂಡು, ಕೊಂಢ್ವಾದ ಇನ್ನೊಂದು ಸೈಟಿಗೆ ಹೋದೆ. ನನ್ನ ಹಿಂದೆ ಕಾರ್ಪೆಂಟರ್ ಬಂದ. ಅವನ ಹಿಂದೆ ಪೇಂಟರ್. ಕೊನೆಗೆ ಸ್ಕರ್ಟಿಂಗ್ ಹಾಕಲು ನನ್ನ ಹುಡುಗರು ಹೋಗಿ ಬಂದರು, ನಾನು ಹೋಗಲಿಲ್ಲ.

ಸಂಜೆ ಉಬ್ಬು, ಬೆಳಿಗ್ಗೆ ಮಾಯ

ಫೋನ್ ಬಂದ ದಿನವೇ ಸಂಜೆ ಹೋದೆ. ಬಾಲ್ಕನಿ ಮತ್ತು ಊಟದ ಮೇಜಿನ ನಡುವೆ, ಎರಡು ಹಲಗೆಗಳ ತುದಿ ಸೇರುವಲ್ಲಿ ನೆಲ ಗುಡಾರದ ಹಾಗೆ ಎದ್ದಿತ್ತು. ಪಾಟಾ ಇಟ್ಟು ಅಳೆದೆ, 18 ಮಿಲಿಮೀಟರ್. ಪ್ಯಾಸೇಜಿನ ಬಾಯಲ್ಲಿ ಇನ್ನೊಂದು, ಸ್ವಲ್ಪ ಚಿಕ್ಕದು. ಒಂದು ಬೆಡ್‌ರೂಮಿನ ಬಾಗಿಲಲ್ಲಿ ಉಬ್ಬಿಲ್ಲ, ಬದಲಿಗೆ ಜೋಡಣೆ ಬಿಟ್ಟುಕೊಂಡು 2 ಮಿಲಿಮೀಟರ್ ಬಿರುಕು.

ನೀರು ಇಳಿದಿರಬಹುದು ಅಂತ ಮಗ ಹೇಳಿದ. ಕಾಕುಗೆ ಬಕೆಟ್ ನೀರು ಸುರಿದು ಒರೆಸುವ ರೂಢಿ. ಎಸ್‌ಪಿಸಿ ನೀರಿಗೆ ಉಬ್ಬುವ ವಸ್ತು ಅಲ್ಲ. ಆದರೆ ಸುರಿದ ನೀರು ಸಂದಿನಿಂದ ಕೆಳಗೆ ಹೋಗಿ ಅಲ್ಲೇ ಕೂತರೆ ಮಳೆಗಾಲದಲ್ಲಿ ಮುಗ್ಗು ವಾಸನೆ ಬರುತ್ತದೆ. ಅದು ಬೇರೆ ಕಥೆ, ಹಿಂಡಿದ ಬಟ್ಟೆಯಲ್ಲಿ ಒರೆಸಿ ಅಂತಷ್ಟೇ ಹೇಳಿದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಮತ್ತೆ ಹೋದೆ. ಕಾಕು ಚಹಾ ಕೊಟ್ಟರು. ಉಬ್ಬು ಎಲ್ಲಿ ಅಂತ ಹುಡುಕಬೇಕಾಯಿತು. ನೆಲ ಅಂಗೈಯಂತೆ ಮಟ್ಟಸವಾಗಿತ್ತು. ಅಲ್ಲಿಗೆ ಅರ್ಧ ರೋಗ ಗೊತ್ತಾಯಿತು. ನೀರಾದರೆ, ಕೆಳಗಿನ ಟೈಲ್ಸ್ ಎದ್ದಿದ್ದಾದರೆ ರಾತ್ರೋರಾತ್ರಿ ಮಾಯ ಆಗಲ್ಲ. ಬಿಸಿಲಿಗೆ ಎದ್ದು ತಂಪಿಗೆ ಮಲಗುವುದು ಹಿಗ್ಗುವ ವಸ್ತು ಮಾತ್ರ.

ಸಂಜೆ ನಾಲ್ಕಕ್ಕೆ ಟೆಂಪರೇಚರ್ ಗನ್ ಹಿಡಿದು ನೋಡಿದೆ. ಬಾಲ್ಕನಿ ಗಾಜಿನ ಒಳಬದಿ, ಬಿಸಿಲು ಬೀಳುವ 3 ಮೀಟರ್ ಜಾಗದಲ್ಲಿ ನೆಲ 47 ಡಿಗ್ರಿ. ಊಟದ ಮೇಜಿನ ಕೆಳಗೆ 32. ಜನವರಿಯಲ್ಲಿ ಹಾಕಿದ ದಿನ ಇದೇ ನೆಲ 20ರ ಆಸುಪಾಸು ಇತ್ತು. ಪುಣೆಯಲ್ಲಿ ಇದೇ ತೊಂದರೆ. ಮುಂಬಯಿಯಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸೆಕೆ. ಇಲ್ಲಿ ಜನವರಿ ಬೆಳಗ್ಗೆ ಸ್ವೆಟರ್ ಬೇಕು, ಏಪ್ರಿಲ್ ಮಧ್ಯಾಹ್ನ ಫ್ಯಾನ್ ಕೆಳಗೂ ಬೆವರು.

ಎಷ್ಟು ಹಿಗ್ಗುತ್ತದೆ? ಗಟ್ಟಿ ಪಿವಿಸಿ ಒಂದು ಮೀಟರಿಗೆ, ಒಂದು ಡಿಗ್ರಿಗೆ 0.05ರಿಂದ 0.08 ಮಿಲಿಮೀಟರ್ ಹಿಗ್ಗುತ್ತದೆ. ಕಲ್ಲಿನ ಪುಡಿ ಬೆರೆತರೆ ಅದು ಇಳಿಯುತ್ತದೆ. ಲೆಕ್ಕಕ್ಕೆ ನಾನು 0.04 ಹಿಡಿಯುತ್ತೇನೆ. ಕೆಳಗಿನ ಟೈಲ್ಸ್, ಕಾಂಕ್ರೀಟ್ ಇದಕ್ಕಿಂತ ತುಂಬಾ ಕಮ್ಮಿ ಅಲುಗುತ್ತವೆ. ಬಾಲ್ಕನಿಯಿಂದ ಅಡುಗೆಮನೆಯ ಕಟ್ಟೆಯವರೆಗೆ 7 ಮೀಟರ್. ಬಿಸಿಲಿನ 3 ಮೀಟರ್ 27 ಡಿಗ್ರಿ ಏರಿದೆ, ಉಳಿದ 4 ಮೀಟರ್ 12 ಡಿಗ್ರಿ. ಗುಣಿಸಿ ಕೂಡಿಸಿದರೆ 5 ಮಿಲಿಮೀಟರ್ ಮೇಲೆ ಚೂರು. 5 ಮಿಲಿಮೀಟರ್ ಏನು ಮಹಾ ಅನಿಸುತ್ತದೆ. ಸುತ್ತ 8 ಬಿಟ್ಟಿದ್ದೇನಲ್ಲ, ನೆಲ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಸರಿದು ಸುಮ್ಮನಾಗಬೇಕಿತ್ತು. ಹಾಗಾದರೆ ಯಾರೋ ಹಿಡಿದುಕೊಂಡಿದ್ದಾರೆ.

ಹಿಡಿದುಕೊಂಡಿದ್ದು ಯಾರು

ವಿಸಿಟಿಂಗ್ ಕಾರ್ಡ್ ಒಂದನ್ನು ಮಡಚಿ ಸಂದಿನೊಳಗೆ ಹಾಕುತ್ತಾ ಹೋಗುವುದು ನನ್ನ ಪರೀಕ್ಷೆ. ಒಂದೊಂದೇ ಸ್ಕರ್ಟಿಂಗ್ ಬಿಚ್ಚಿದೆ. ಹಾಲಿನ ಎರಡೂ ಪಕ್ಕದಲ್ಲಿ ಕಾರ್ಡ್ ಸಲೀಸಾಗಿ ಓಡಿತು. ಪ್ಯಾಸೇಜಿನ ಕೊನೆಯ ಗೋಡೆ ಹತ್ತಿರ ಹೋಗುತ್ತಿದ್ದಂತೆ ನಿಂತಿತು. ಟಾರ್ಚ್ ಬಿಟ್ಟು ನೋಡಿದರೆ ಸಂದಿನ ತುಂಬ ಬಿಳೀ ಪುಟ್ಟಿ. ಒಣಗಿ ಕಲ್ಲಾಗಿದೆ. ಪೇಂಟರ್‌ಗೆ ಗೋಡೆಬುಡದ ಆ ಸಂದು ಅಸಹ್ಯ ಅನಿಸಿದೆ. ಪಾಪ, ಅವನ ಕೆಲಸವೇ ಸಂದು ಮುಚ್ಚುವುದು. ನಾನು ಬಿಟ್ಟಿದ್ದು ಬೇಕಂತಲೇ ಅಂತ ಅವನಿಗೆ ಯಾರು ಹೇಳಿದ್ದರು? ಸ್ಕರ್ಟಿಂಗ್ ಹಾಕಿದ ನನ್ನ ಹುಡುಗರಿಗೂ ಅದು ಕಣ್ಣಿಗೆ ಬಿದ್ದಿರಬೇಕು. ಸಂದು ಮುಚ್ಚಿದೆ, ಒಳ್ಳೇದೇ ಆಯ್ತು ಅಂತ ಮೇಲೆ ಸ್ಕರ್ಟಿಂಗ್ ಹೊಡೆದು ಬಂದಿದ್ದಾರೆ.

ಇನ್ನೊಂದು, ಬೆಡ್‌ರೂಮಿನ ಬಾಗಿಲ ಹಿಂದೆ ಅಯಸ್ಕಾಂತದ ಡೋರ್ ಸ್ಟಾಪರ್. ಹಲಗೆ ತೂರಿ ಟೈಲ್ಸ್‌ವರೆಗೆ ಡ್ರಿಲ್ ಮಾಡಿ ಸ್ಕ್ರೂ ಬಿಗಿದಿದ್ದಾರೆ. ಹೆಬ್ಬೆರಳಷ್ಟು ವಸ್ತು, ಆದರೆ ಆ ರೂಮಿನ ನೆಲವನ್ನು ಮೊಳೆ ಹೊಡೆದ ಹಾಗೆ ನಿಲ್ಲಿಸಿತ್ತು. ಹಾಲಿನ ನೆಲ ಒಂದು ಕಡೆ ಎಳೆಯುತ್ತದೆ, ರೂಮಿನ ನೆಲ ಕದಲುವುದಿಲ್ಲ. ನಡುವೆ 80 ಸೆಂಟಿಮೀಟರ್ ಅಗಲದ ಬಾಗಿಲು ಅನ್ನುವ ಕುತ್ತಿಗೆ. ಜೋಡಣೆ ಬಿಟ್ಟಿದ್ದು ಸರಿಯಾಗಿ ಅಲ್ಲೇ. ಬಾಗಿಲುಗಳಲ್ಲಿ ಪಟ್ಟಿ ಹಾಕಿ ಅಂತ ಕಾಗದ ಯಾಕೆ ಹೇಳುತ್ತದೆ ಅಂತ ನನಗೆ ಕಣ್ಣಾರೆ ಕಂಡಿದ್ದು ಆವತ್ತು. ಅಳತೆ ಮೀರಿತಾ ಇಲ್ಲವಾ ಅನ್ನುವುದಷ್ಟೇ ಅಲ್ಲ. ಎರಡು ಅಗಲ ನೆಲಗಳನ್ನು ಕಿರಿದಾದ ಕತ್ತಿನಲ್ಲಿ ಕಟ್ಟಿದರೆ ಎರಡರ ಜಗಳವೂ ಕತ್ತಿನ ಮೇಲೆ ಬರುತ್ತದೆ.

ದೊಡ್ಡ ಕಳ್ಳ ಅಡುಗೆಮನೆಯಲ್ಲಿದ್ದ. ಊಟದ ಜಾಗಕ್ಕೂ ಒಲೆಗೂ ನಡುವೆ ಒಂದು ಕಟ್ಟೆ, ಈಗ ಎಲ್ಲರೂ ಐಲ್ಯಾಂಡ್ ಅನ್ನುತ್ತಾರಲ್ಲ ಅದು. ಮೇಲೆ ಗ್ರಾನೈಟ್. ಇಂಥದ್ದನ್ನು ಮೊದಲು ಟೈಲ್ಸ್ ಮೇಲೇ ನಿಲ್ಲಿಸಿ, ಆಮೇಲೆ ಅದರ ಸುತ್ತ ಸಂದು ಬಿಟ್ಟು ವಿನೈಲ್ ಹಾಕಬೇಕು. ಆದರೆ ಮಾಡ್ಯುಲರ್ ಕಿಚನ್ ಬರುವುದು ಎರಡು ವಾರ ತಡ ಆಯ್ತು. ವಾಸ್ತುಶಾಂತಿ ತಾರೀಖು ಹತ್ತಿರ ಬಂತು. ನಾನು ಪೂರ್ತಿ ನೆಲ ಹಾಸಿಬಿಟ್ಟೆ. ಕಾರ್ಪೆಂಟರ್ ಬಂದು ಕಟ್ಟೆಯನ್ನು ವಿನೈಲ್ ಮೇಲೇ ಕೂರಿಸಿ, ಅಲುಗದಿರಲಿ ಅಂತ ನಾಲ್ಕು ಎಲ್ ಕ್ಲಾಂಪ್ ಹಾಕಿ ಕೆಳಗಿನವರೆಗೆ ಸ್ಕ್ರೂ ಹೊಡೆದ. 12 ಮೀಟರ್ ನೆಲದ ನಟ್ಟನಡುವೆ ಗೂಟ ಬಡಿದ ಹಾಗೆ.

ಆ ಸಂಜೆ, ಉಬ್ಬು ಇರುವಾಗಲೇ, ಆ ಸ್ಕ್ರೂಗಳನ್ನು ಬಿಚ್ಚಿದೆ. ಒಂದು, ಎರಡು, ಮೂರು ಬಿಚ್ಚುವವರೆಗೆ ಏನೂ ಇಲ್ಲ. ನಾಲ್ಕನೆಯದು ಅರ್ಧ ತಿರುಗುವಷ್ಟರಲ್ಲಿ ಕಟ್ ಅಂತ ಸದ್ದಾಯಿತು. ಸ್ಕ್ರೂ ತಲೆ ಹಲಗೆಯ ತೂತಿನ ಒಂದು ಬದಿಗೆ ಒತ್ತಿಕೊಂಡಿದ್ದು ಕಣ್ಣಿಗೇ ಕಾಣುತ್ತಿತ್ತು, ತೂತು ಮೊಟ್ಟೆಯಾಕಾರ ಆಗಿತ್ತು. ಹಾಲ್‌ನಿಂದ ಮಗ ಕೂಗಿದ, "ಅಣ್ಣಾ, ಇಳೀತು!" ಅಳೆದರೆ 18 ಇದ್ದದ್ದು 7. ಕಟ್ಟೆಯ ಭಾರ ಇನ್ನೂ ಮೇಲೇ ಇತ್ತು, ಅದಕ್ಕೇ ಪೂರ್ತಿ ಇಳಿಯಲಿಲ್ಲ.

ಇಲ್ಲಿ ಒಂದು ಲೆಕ್ಕ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 18 ಮಿಲಿಮೀಟರ್ ಏಳಬೇಕಾದರೆ ನೆಲ ಎಷ್ಟು ಜಾಸ್ತಿ ಉದ್ದ ಆಗಿರಬೇಕು? ಕಾಕಾ 10 ಅಂದರು, ಮಗ 15 ಅಂದ. ಎದ್ದ ಭಾಗ ಒಟ್ಟು 1.2 ಮೀಟರ್, ಗುಡಾರದ ಒಂದೊಂದು ಬದಿ 60 ಸೆಂಟಿಮೀಟರ್. ಹೈಸ್ಕೂಲಿನ ಲಂಬಕೋನ ತ್ರಿಭುಜದ ಲೆಕ್ಕ ಹಾಕಿದರೆ ಉತ್ತರ ಅರ್ಧ ಮಿಲಿಮೀಟರ್ ಮೇಲೆ ಸ್ವಲ್ಪ. ಅಷ್ಟೇ. ಒಂದು ಮಿಲಿಮೀಟರ್ ಜಾಗ ಕಮ್ಮಿ ಬಿದ್ದಿದ್ದರೆ 24 ಮಿಲಿಮೀಟರ್ ಎದ್ದಿರುತ್ತಿತ್ತು. 5 ಹಿಗ್ಗಿದ್ದರಲ್ಲಿ 3 ಬಾಲ್ಕನಿ ಸಂದು ತಿಂದಿತ್ತು. ಉಳಿದದ್ದರಲ್ಲಿ ಬಹುಪಾಲು ಹಲಗೆಗಳ ಜೋಡಣೆಯ ಸಣ್ಣ ಸಡಿಲಗಳಲ್ಲಿ ಮುಚ್ಚಿಹೋಗಿತ್ತು. ಕೊನೆಗೆ ಉಳಿದ ಅರ್ಧ ಮಿಲಿಮೀಟರ್‌ಗೆ ಇಷ್ಟು ರಾದ್ಧಾಂತ. ಕಾಕಾ ಗಣಿತದ ಮಾಸ್ತರು. ಪೇಪರಿನ ಅಂಚಿನಲ್ಲಿ ತಾವೇ ಒಮ್ಮೆ ಲೆಕ್ಕ ಮಾಡಿ ನೋಡಿ, ಕನ್ನಡಕ ತೆಗೆದು ನೆಲವನ್ನೇ ನೋಡುತ್ತಾ ಕೂತರು.

ಜಮಖಾನ

ಪಟ್ಟಿ ಹಾಕಲೇಬೇಕು ಅಂತ ಹೇಳುವ ಧೈರ್ಯ ಈಗ ಬಂತು. ಆದರೆ ಲೆಕ್ಕ ಒಪ್ಪಿದ ಕಾಕಾ ಪಟ್ಟಿ ಒಪ್ಪಲಿಲ್ಲ. "ಸ್ಕ್ರೂ ತಗದಿ, ಪುಟ್ಟಿ ತಗೀತಿ. ಮುಗೀತಲ್ಲ?" ನ್ಯಾಯವಾದ ಪ್ರಶ್ನೆಯೇ.

ಕಾಕು ಒಳಗೆ ಹೋಗಿ ನವಲಗುಂದದ ಜಮಖಾನ ತಂದು ಹಾಸಿದರು, ನಾನು ಕೂತು ಮಾತಾಡಲಿ ಅಂತ. ಅದೇ ಕೈಗೆ ಬಂತು. ಕಾಕುಗೆ ಒಂದು ತುದಿಯಲ್ಲಿ ಕೂರಿ ಅಂದೆ. ಇನ್ನೊಂದು ತುದಿಯಿಂದ ನಾನು ನಾಲ್ಕು ಬೆರಳು ತಳ್ಳಿದೆ. ನಡುವೆ ಸುಕ್ಕು ಎದ್ದಿತು. ಕಾಕುವನ್ನು ಏಳಿಸಿ ಮತ್ತೆ ತಳ್ಳಿದೆ. ಜಮಖಾನ ಪೂರ್ತಿಯಾಗಿ ಸರಿಯಿತು, ಸುಕ್ಕಿಲ್ಲ. ಆಮೇಲೆ ಜಮಖಾನದ ಒಂದು ಮೂಲೆಯನ್ನು ಬಾಗಿಲಿನಾಚೆ ಎಳೆದು ಮಂಚದ ಕಾಲಿನ ಕೆಳಗೆ ಸಿಕ್ಕಿಸಿದೆ. ಈಗ ಹಾಲ್‌ನಿಂದ ತಳ್ಳಿದರೆ ಬಾಗಿಲ ಹತ್ತಿರ ಸೊಟ್ಟಗೆ ತಿರುಚಿಕೊಂಡಿತು. ರೂಮಿನಲ್ಲಿ ಮಂಚ, ಕಪಾಟು, ಅದರ ತುಂಬ ಸೀರೆ, ಪುಸ್ತಕ. ಸ್ಕ್ರೂ ತೆಗೆದರೂ ಆ ಭಾರ ಹೋಗಲ್ಲವಲ್ಲ. ಆ ನೆಲ ಹಾಲಿನ ನೆಲದ ಜೊತೆ ಓಡಿಬರುವುದಿಲ್ಲ.

"ಮಡಚಿಡು, ಹೊಸದದು" ಅಂದರು ಕಾಕು. ಕಾಕಾ ಮಾತ್ರ, "ಎಷ್ಟು ಎತ್ತರ ಬರ್ತದ ಆ ಪಟ್ಟಿ?" ಅಂತ ಕೇಳಿದರು.

ಒಪ್ಪಂದ ಹೀಗಾಯಿತು. ಹಾಲ್, ಊಟದ ಜಾಗ, ಅಡುಗೆಮನೆ ಒಂದೇ ನೆಲ, ಪಟ್ಟಿ ಇಲ್ಲ. 8.4 ಮೀಟರ್, ಕಾಗದದ ಮಿತಿಯೊಳಗೇ ಇದೆ. ಪ್ಯಾಸೇಜಿನ ಬಾಯಲ್ಲಿ ಒಂದು ಪಟ್ಟಿ, ಎರಡು ಬೆಡ್‌ರೂಮ್ ಬಾಗಿಲಲ್ಲಿ ಒಂದೊಂದು. ಬಾಗಿಲಿನ ಪಟ್ಟಿ ಮುಚ್ಚಿದ ಬಾಗಿಲಿನ ದಪ್ಪದ ಕೆಳಗೇ ಬರುವ ಹಾಗೆ ಗುರುತು ಹಾಕಿದೆ, ಎರಡೂ ಕಡೆಯಿಂದ ಕಣ್ಣಿಗೆ ಬೀಳಲ್ಲ. ಭವಾನಿ ಪೇಠ್ ಟಿಂಬರ್ ಮಾರ್ಕೆಟ್ ಹತ್ತಿರದ ಅಂಗಡಿಗಳಲ್ಲಿ ಸುತ್ತಿ ನಾಲ್ಕು ತರಹದ ಟಿ ಪಟ್ಟಿ ತಂದೆ. ಕಾಕಾ ಒಂದೊಂದರ ಮೇಲೂ ಕೋಲು ಹಿಡಿದು, ಹಿಡಿಯದೆ, ಚಪ್ಪಲಿ ಹಾಕಿ, ಬರಿಗಾಲಲ್ಲಿ ನಡೆದು ನೋಡಿದರು. ಇಳಿಜಾರು ಅಂಚಿನ, ನೆಲಕ್ಕಿಂತ 3 ಮಿಲಿಮೀಟರ್ ಮಾತ್ರ ಏಳುವ ಒಂದು ಪಾಸಾಯಿತು. ಉಳಿದ ಮೂರು ಫೇಲ್.

ಬಿಚ್ಚುವ ಕೆಲಸ ಎರಡು ದಿನ. ಹೀಗೆ ಅಂಟಿಸದೆ ಹಾಸುವ 'ತೇಲುವ' ನೆಲದ ಒಳ್ಳೆಯ ಗುಣ ಇದು, ಗೋಡೆ ಕಡೆಯಿಂದ ಸಾಲುಸಾಲಾಗಿ ಎತ್ತಿ ಬಿಡಿಸಬಹುದು. ಪ್ರತಿ ಹಲಗೆಯ ಬೆನ್ನಿಗೆ ಪೆನ್ಸಿಲ್‌ನಲ್ಲಿ ನಂಬರ್ ಬರೆದೆವು. ಐದು ಹಲಗೆಗಳ ಲಾಕ್ ಮುರಿದಿತ್ತು. ಜನವರಿಯಲ್ಲಿ ಉಳಿದ ಒಂದು ಡಬ್ಬವನ್ನು ವಾಪಸ್ ಕೊಡಬೇಡಿ, ಲಾಫ್ಟ್‌ನಲ್ಲಿಡಿ ಅಂದಿದ್ದೆ. ಈ ಪ್ರಕರಣದಲ್ಲಿ ನಾನು ಮಾಡಿದ ಒಂದೇ ಜಾಣತನ ಅದು. ಬೇರೆ ಬ್ಯಾಚ್ ತಂದಿದ್ದರೆ ಬಣ್ಣ ಕೂಡುತ್ತಿತ್ತೋ ಇಲ್ಲವೋ.

ಕಟ್ಟೆಯನ್ನು ಎತ್ತಲು ಆಗುವಂತಿರಲಿಲ್ಲ, ಗ್ರಾನೈಟ್ ಕೂತಿದೆ. ಅದಕ್ಕೆ ಮಲ್ಟಿ ಟೂಲ್ ಹಿಡಿದು ಕಟ್ಟೆಯ ಬುಡದ ಸುತ್ತ ವಿನೈಲ್ ಅನ್ನು ಕೊಯ್ದು 8 ಮಿಲಿಮೀಟರ್ ಸಂದು ತೆಗೆದೆವು. ಕಟ್ಟೆ ತನ್ನ ಕೆಳಗಿನ ತುಂಡಿನ ಮೇಲೆ ದ್ವೀಪದ ಹಾಗೆಯೇ ಉಳಿಯಿತು. ಹೆಸರಿಗೆ ತಕ್ಕ ಹಾಗೆ. ಸುತ್ತಲಿನ ನೆಲಕ್ಕೆ ಬಿಡುಗಡೆ. ಸ್ಕ್ರೂ ಮತ್ತೆ ಹಾಕಿದೆವು, ಈಗ ಅಡ್ಡಿ ಇಲ್ಲ. ಸಂದು ಮುಚ್ಚುವ ಪಟ್ಟಿಯನ್ನು ಕಟ್ಟೆಗೆ ಅಂಟಿಸಿದೆವು, ನೆಲಕ್ಕಲ್ಲ. ಗೋಡೆಯ ಸ್ಕರ್ಟಿಂಗ್‌ಗೂ ಇದೇ ಮಾತು. ಟಿ ಪಟ್ಟಿಯ ಕಾಲನ್ನು ಸಂದಿನ ನಡುವೆ ಟೈಲ್ಸ್‌ಗೆ ಅಂಟಿಸಿದ್ದು, ಎರಡು ಕಡೆಯ ಹಲಗೆಗಳು ಅದರ ರೆಕ್ಕೆಯ ಕೆಳಗೆ ಸುಮ್ನೆ ಹೋಗಿ ಬಂದು ಮಾಡಬೇಕು. ಪುಟ್ಟಿಯನ್ನು ಉಳಿಯಲ್ಲಿ ಕೆತ್ತಿ ತೆಗೆಯಲು ಹುಡುಗನಿಗೆ ಅರ್ಧ ದಿನ ಬೇಕಾಯಿತು. ಸ್ಟಾಪರ್ ಗೋಡೆಗೆ ಹೋಯಿತು. ಬಾಲ್ಕನಿ ಕಡೆ ಹಲಗೆಯನ್ನು ಸ್ವಲ್ಪ ಕೊಯ್ದು ಸಂದು 6 ಮಾಡಿ, ಅಂಚು ಮುಚ್ಚುವ ಅಗಲದ ಎಂಡ್ ಪ್ರೊಫೈಲ್ ಹಾಕಿದೆ. ಮೇ ತಿಂಗಳು, ನೆಲ ಆಗಲೇ ಹಿಗ್ಗಿದೆ, 6 ಸಾಕು. ಗಾಜಿಗೆ ದಪ್ಪ ಪರದೆ ಹಾಕಿ, ಮಧ್ಯಾಹ್ನ ಎಳೆಯಿರಿ ಅಂದೆ.

ಈ ಕೆಲಸಕ್ಕೆ ಕೂಲಿ ಕೇಳಲಿಲ್ಲ, ಪಟ್ಟಿಗಳ ದುಡ್ಡು ಮಾತ್ರ ತಗೊಂಡೆ. ಒಂದನ್ನು ಮಾತ್ರ ಸರಿ ಮಾಡಲು ಆಗಲಿಲ್ಲ. ಅಡುಗೆಮನೆಯ ಸಿಂಕ್ ಮುಂದೆ ರಬ್ಬರ್ ತಳದ ಕಾಲೊರಸು ಹಾಕಿದ್ದರು. ಅದನ್ನು ಎತ್ತಿದರೆ ಕೆಳಗೆ ಹಳದಿ ಕಲೆ. ರಬ್ಬರ್ ವಿನೈಲ್‌ಗೆ ಮಾಡುವ ಗುರುತು ಒರೆಸಿದರೆ ಹೋಗುವಂಥದ್ದಲ್ಲ. ಈಗ ಅದರ ಮೇಲೆ ಹತ್ತಿಯ ಕಾಲೊರಸು ಇದೆ.

ಈಗ ಡಬ್ಬದ ಕಾಗದದ ಮುಖ್ಯ ಮಾತನ್ನು ಹಿಂದಿಯಲ್ಲಿ ಕೈಬರಹದಲ್ಲಿ ಬರೆದು ಸೈಟಿನ ಗೋಡೆಗೆ ಅಂಟಿಸಿ ಬರುತ್ತೇನೆ, ಪೇಂಟರ್ ಮತ್ತು ಕಾರ್ಪೆಂಟರ್ ಕಣ್ಣಿಗೆ ಬೀಳುವ ಹಾಗೆ. ಸಂದು ಮುಚ್ಚಬೇಡಿ, ನೆಲಕ್ಕೆ ಸ್ಕ್ರೂ ಹೊಡೆಯಬೇಡಿ, ಎರಡೇ ಸಾಲು.

ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಬಾಣೇರ್ ಕಡೆ ಹೋಗಿದ್ದೆ, ಕಾಕು ಮನೆಗೆ ಇಣುಕಿದೆ. ಚಳಿ ಚೆನ್ನಾಗಿತ್ತು, ನೆಲ 20ಕ್ಕೆ ಇಳಿದಿತ್ತು. ಬಾಲ್ಕನಿ ಕಡೆಯ ಪ್ರೊಫೈಲ್‌ನ ಒಂದು ಕ್ಯಾಪ್ ಬಿಚ್ಚಿ ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. ಮೇನಲ್ಲಿ 6 ಇದ್ದ ಸಂದು ಈಗ 8. ಕಾಕಾ ಪಕ್ಕದಲ್ಲೇ ಬಗ್ಗಿ ನಿಂತಿದ್ದರು. ಸ್ಕೇಲ್ ತಗೊಂಡು ತಾವೂ ಒಮ್ಮೆ ಅಳೆದರು, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ 8 ಅಂತ ಬರೆದರು. "ಏಪ್ರಿಲ್‌ಗೆ ಮತ್ತ ಬಾ, ಬರೆಯೂಣು" ಅಂದರು. ಕಾಕು ಒಳಗಿನಿಂದ ಕೂಗಿದರು, ಆ ಕ್ಯಾಪ್ ಮೊದಲು ಹಾಕ್ರಿ, ಒಳಗ ಕಸ ಹೊಕ್ಕೀತು ಅಂತ.